ಮುದ್ರೆಯಿಲ್ಲದ ಏಣಿ

ನನ್ನ ತಮ್ಮ ಹೋದನೆಂಬುದು ನನಗೆ ತಿಳಿದದ್ದು ಕಾರ್ಖಾನೆಯ ವ್ಯಾನು ಸದ್ದಿಲ್ಲದೆ ಬಂದು ಮನೆಯ ಮುಂದೆ ನಿಂತಾಗ. ಆ ವ್ಯಾನಿನ ಚಾಲಕ ಬೀದಿಯ ತಿರುವಿನಿಂದಲೇ ಹಾರನ್ನು ಒತ್ತುತ್ತ ಬರುವ ಆಸಾಮಿ. ಅವನು ಬರುತ್ತಾನೆಂದರೆ ಎದುರುಮನೆಯ ಬೆಕ್ಕು ಕೂಡ ಕಾಂಪೌಂಡು ಹತ್ತಿ ಕೂರುತ್ತಿತ್ತು. ಅಂದು ಬೆಳಿಗ್ಗೆ ಎಂಜಿನ್ ಆರಿಸಿದವನು ಸ್ಟಿಯರಿಂಗ್ ಹಿಡಿದುಕೊಂಡೇ ಕುಳಿತಿದ್ದ. ಹೊಸ್ತಿಲ ಬಳಿ ಕಾಳು ಆರಿಸುತ್ತಿದ್ದ ನಾನು, "ಏನಪ್ಪಾ, ಇಳಿಯೋಕೂ ನಿಮ್ಮ ಡೈರೆಕ್ಟರ ಅಪ್ಪಣೆ ಬೇಕೇನೋ?" ಎಂದೆ.

ಅವನು ಇಳಿದು ಬಂದು ನನ್ನ ಮೊರದ ಮುಂದೆ ಕುಕ್ಕರಗಾಲಿನಲ್ಲಿ ಕೂತ.

"ದೊಡ್ಡಮ್ಮಾ, ಮೇಸ್ತ್ರಿ ಗೇಟಿನ ಹತ್ರ ಕೂತಿದ್ರು. ನಾನು ಟೀ ತಂದೆ. ತಗೊಳ್ಳಿ ಅಂದೆ. ಕೈ ಚಾಚಲೇ ಇಲ್ಲ."

ಅಷ್ಟೇ ಹೇಳಿದ. ಒಳಗೆ ನನ್ನ ತಮ್ಮನ ಹೆಂಡತಿಯ ಹೊಲಿಗೆಯಂತ್ರ ಓಡುತ್ತಿತ್ತು. ಅದು ನಿಲ್ಲದಿರಲಿ ದೇವರೇ, ಇನ್ನೊಂದು ಸೆರಗಿನ ಅಂಚು ಮುಗಿಯುವವರೆಗಾದರೂ ನಿಲ್ಲದಿರಲಿ ಎಂದು ಬೇಡಿಕೊಂಡೆ. ನಿಂತುಹೋಯಿತು.

ಆ ವಾರವೇ ಕಾರ್ಖಾನೆಯ ಗೇಟಿಗೆ ಕೋರ್ಟಿನ ಬೀಗ ಬಿದ್ದಿತ್ತು. ಬೀಗ ಬಿದ್ದರೂ ತಮ್ಮ ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಹೋಗುವುದನ್ನು ಬಿಟ್ಟಿರಲಿಲ್ಲ. ಒಳಗೆ ಅವನ ಉಳಿ, ಕೊಡತಿಗಳಿದ್ದವು, ನಮ್ಮ ತಂದೆಯ ಕಾಲದವು. ಅವನ್ನಾದರೂ ಕೊಡಿ ಎಂದು ಕಾವಲುಗಾರನನ್ನು ಕೇಳಿದ್ದನಂತೆ. ಒಳಗಿರುವ ಮೊಳೆಯೂ ಕಂಪನಿಯ ಆಸ್ತಿ, ಮುಟ್ಟುವ ಹಾಗಿಲ್ಲ ಎಂದನಂತೆ ಆ ಬಡಪಾಯಿ. ಅವನಿಗೂ ಯಾರೋ ಹೇಳಿಕೊಟ್ಟ ಮಾತು ಅದು. ತಮ್ಮ ಸರಿ ಎಂದು ತಲೆಯಾಡಿಸಿ, ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತ. ಎದೆ ನಿಂತಿತೆಂದು ಡಾಕ್ಟರು ಬರೆದರು. ಒಡೆಯಿತೆಂದು ಬರೆಯಲು ಅವರ ಶಾಸ್ತ್ರದಲ್ಲಿ ಶಬ್ದವಿಲ್ಲ.

ಅವನು ಏಣಿ ಮಾಡುವವನು. ನಮ್ಮ ತಂದೆಯೂ ಏಣಿ ಮಾಡುವವರೇ. ಸುಣ್ಣ ಬಳಿಯುವವರು, ಕರೆಂಟು ಕಂಬ ಹತ್ತುವವರು, ಪುಸ್ತಕದಂಗಡಿಯವರು, ಹಣ್ಣಿನ ತೋಟದವರು ಎಲ್ಲರೂ ನಮ್ಮಲ್ಲಿಗೇ ಬರುತ್ತಿದ್ದರು. ಈ ಕಸುಬಿನಲ್ಲಿ ಒಂದು ನಿಯಮವುಂಟು. ಏಣಿ ಅಂಗಳ ದಾಟುವ ಮೊದಲು ಅದನ್ನು ಮಾಡಿದವನೇ ಕೊಳ್ಳುವವನ ಕಣ್ಣೆದುರು ಅದರ ತುದಿಯ ಮೆಟ್ಟಿಲವರೆಗೆ ಹತ್ತಬೇಕು. ಹತ್ತಿ, ಎರಡು ಸಲ ಕುಣಿದು, ಇಳಿಯಬೇಕು. ಇಳಿದ ಮೇಲೆ, ಕಾಯಿಸಿದ ಕಬ್ಬಿಣದ ಮುದ್ರೆಯನ್ನು ತೀರಾ ಕೆಳಗಿನ ಮೆಟ್ಟಿಲ ಅಡಿಯಲ್ಲಿ ಒತ್ತಬೇಕು. ಮರ ಚುರ್ ಎಂದು ಸುಟ್ಟು ಹೆಸರು ಮೂಡುತ್ತದೆ. ಆ ಏಣಿಯಿಂದ ಯಾರಾದರೂ ಬಿದ್ದರೆ ಏಣಿಯನ್ನು ತಿರುಗಿಸಿ ನೋಡಿದರಾಯಿತು, ಯಾರ ಮನೆಗೆ ಹೋಗಿ ಕೇಳಬೇಕೆಂಬುದು ಅಲ್ಲೇ ಇರುತ್ತದೆ. ನಮ್ಮ ತಂದೆಯ ಮನೆಗೆ ಹಾಗೆ ಕೇಳಲು ಯಾರೂ ಬರಲಿಲ್ಲ. ತಮ್ಮನ ಮನೆಗೂ ಬರಲಿಲ್ಲ. ಬಂದವರು ಬೇರೆ ಜನ.

ತಂದೆಯ ನಂತರ ಅಂಗಡಿ ಚೆನ್ನಾಗಿಯೇ ನಡೆಯಿತು. ಆಗ ಒಬ್ಬ ದೊಡ್ಡ ಮನುಷ್ಯರು ಬಂದರು. ಇದನ್ನು ಕಂಪನಿ ಮಾಡೋಣ, ದೊಡ್ಡ ಶೆಡ್ಡು ಹಾಕೋಣ, ಯಂತ್ರ ತರಿಸೋಣ, ನೀವು ಹೆಸರು ಕೊಡಿ, ನಾನು ಹಣ ಹಾಕುತ್ತೇನೆ ಎಂದರು. ಅವರು ಛೇರ್ಮನ್ ಆದರು. ಮುಕ್ಕಾಲು ಪಾಲು ಷೇರುಗಳು ಅವರಲ್ಲಿ ಉಳಿದವು. ತಮ್ಮನಿಗೆ ಒಂದಿಷ್ಟು ಷೇರು, ಡೈರೆಕ್ಟರೆಂಬ ಹುದ್ದೆ ಮತ್ತು ಆಫೀಸಿನಲ್ಲಿ ಮೆತ್ತೆ ಹಾಕಿದ ಒಂದು ಕುರ್ಚಿ ಸಿಕ್ಕಿತು. ಆ ಕುರ್ಚಿಯ ಮೇಲೆ ಅವನು ಅಂಟಿನ ಡಬ್ಬಿ ಇಡುತ್ತಿದ್ದ. ನಾನು ಮನೆಯಲ್ಲಿ ಅವನನ್ನು ಬಿಡುತ್ತಿರಲಿಲ್ಲ.

"ಡೈರೆಕ್ಟರ್ ಸಾಹೇಬರೇ, ಬಚ್ಚಲಿನ ಬಾಗಿಲು ಮುಚ್ಚೋದಿಲ್ಲ. ಒಂದು ಮೀಟಿಂಗ್ ಕರೀರಿ."

"ಕೋರಂ ಇಲ್ಲಕ್ಕ," ಎನ್ನುತ್ತಿದ್ದ. "ನೀನೂ ಅವಳೂ ಯಾವ ವಿಷಯಕ್ಕೆ ಒಪ್ಪಿದ್ದೀರಿ ಹೇಳು!"

ಕಾರ್ಖಾನೆಯ ಬೋರ್ಡಿನಲ್ಲಿ ಹೆಸರಿನ ಕೊನೆಗೆ ಲಿಮಿಟೆಡ್ ಎಂದು ಬರೆದಿತ್ತು. ಅದೇನೋ ಎಂದು ಕೇಳಿದ್ದೆ. ಹೊಣೆಗೆ ಗೆರೆ ಎಳೆದಿದ್ದಾರೆ, ಅದರಾಚೆಗೆ ನಮ್ಮನ್ನು ಕೇಳುವ ಹಾಗಿಲ್ಲ ಎಂದು ಅವನಿಗೆ ಹೇಳಿಕೊಟ್ಟಿದ್ದರು. ಅವನಿಗೆ ಅದು ನಗೆಯ ವಿಷಯವಾಗಿತ್ತು. "ಏಣಿಯಿಂದ ಬಿದ್ದವನು ಗೆರೆ ನೋಡ್ಕೊಂಡು ಬೀಳ್ತಾನಾ ಅಕ್ಕ?" ಎಂದಿದ್ದ.

ಛೇರ್ಮನ್ನರಿಗೆ ಕೆಲಸದವರು ಇಟ್ಟ ಹೆಸರು ಹಲಗೆ ಸಾಹೇಬರು. ಕಾರ್ಖಾನೆಯ ಅಂಗಳದ ತುಂಬ ಮರದ ಹೊಟ್ಟು, ಮಳೆಗಾಲದಲ್ಲಿ ಅದರ ಜೊತೆ ಕೆಸರು. ಅವರ ಕಾರು ಬರುವ ಮೊದಲೇ ಯಾರಾದರೂ ಓಡಿಹೋಗಿ ಕಾರಿನಿಂದ ಆಫೀಸಿನ ಮೆಟ್ಟಿಲಿನವರೆಗೆ ಹಲಗೆ ಹಾಸಬೇಕು. ಅವರು ಅದರ ಮೇಲೆ ನಡೆದು ಬರುವರು, ಅದರ ಮೇಲೇ ನಡೆದು ಹೋಗುವರು. ಅಷ್ಟು ವರ್ಷ ಆ ಕಾರ್ಖಾನೆಯಿಂದ ಉಂಡ ಮನುಷ್ಯನ ಬೂಟಿಗೆ ಒಂದು ಚಿಟಿಕೆ ಹೊಟ್ಟು ಅಂಟಿದ್ದನ್ನು ಕಂಡವರಿಲ್ಲ.

ವ್ಯಾಪಾರ ಇಳಿಯತೊಡಗಿದ್ದು ಅಲ್ಯೂಮಿನಿಯಂ ಏಣಿಗಳು ಬಂದ ಮೇಲೆ. ಇಳಿಯಲಿ, ಅದು ಯಾರ ತಪ್ಪೂ ಅಲ್ಲ. ಕಾಲ ತಿರುಗಿದಾಗ ಕಸುಬು ಕುಗ್ಗುತ್ತದೆ. ದೇವರು ಕೊಟ್ಟಾಗ ಕೈಯೊಡ್ಡಿದವರು ಕಿತ್ತುಕೊಂಡಾಗಲೂ ಕೈಮುಗಿಯಬೇಕು. ನನ್ನ ಸಿಟ್ಟು ಸೋತದ್ದರ ಮೇಲಲ್ಲ, ಸೋಲು ಕಂಡಾಗ ಯಾರು ಯಾರನ್ನು ಮುಂದೆ ತಳ್ಳಿದರು ಎಂಬುದರ ಮೇಲೆ.

ಕೊನೆಯ ಮಳೆಗಾಲದಲ್ಲಿ ಒಂದು ಸಂಜೆ ತಮ್ಮ ಮನೆಗೆ ಬಂದವನು ಕಾಲು ತೊಳೆಯದೆ ಹೊಸ್ತಿಲ ಮೇಲೆ ಕೂತ.

"ಮರದ ಮಂಡಿಯ ಸಾಹುಕಾರ ಇನ್ನು ಕಂಪನಿ ಹೆಸರಿಗೆ ಮರ ಕೊಡೋಲ್ಲ ಅಂದ ಅಕ್ಕ. ಛೇರ್ಮನ್ನರು ನನ್ನ ಕಳಿಸಿದ್ರು. 'ನೀನು ಹೋಗು, ನಿನ್ನ ಮುಖ ನೋಡಿ ಕೊಡ್ತಾನೆ' ಅಂದ್ರು."

"ಕೊಟ್ಟನಾ?"

"ಕೊಟ್ಟ. ನನ್ನ ಹೆಸರಲ್ಲೇ ಸಹಿ ಹಾಕಿಸ್ಕೊಂಡ. ಕಂಪನಿ ಮೊಹರು ಬೇಡ, ನಿನ್ನ ಹೆಸರು ಸಾಕು ಅಂದ."

"ಹಾಗೆಲ್ಲ ಸ್ವಂತ ಹೆಸರಲ್ಲಿ ಸಹಿ ಹಾಕ್ತಾರೇನೋ?"

"ಅಯ್ಯೋ, ಕಾಗದ ಅಲ್ವಾ ಅಕ್ಕ! ಕಾಗದಕ್ಕೇನು, ಬಿಸಿಲಿಗಿಟ್ರೆ ಮಾಸುತ್ತೆ, ನೀರಿಗೆ ಬಿದ್ರೆ ಕರಗುತ್ತೆ. ಮರದ ಮೇಲೆ ಹಾಕಿದ ಹೆಸರು ಹೋಗೋಲ್ಲ ನೋಡು, ಅದಕ್ಕೆ ಹೆದರ್ಬೇಕು."

ಏಣಿ ಮಾಡುವವನಲ್ಲದೆ ಬೇರೆ ಯಾರೂ ಮಾಡದ ತಪ್ಪು ಇದು. ಓದು ಬಾರದವನೇನಲ್ಲ ಅವನು. ಪ್ರತಿದಿನ ಪತ್ರಿಕೆಯನ್ನು ಮೊದಲ ಪುಟದಿಂದ ಸಿನಿಮಾ ಜಾಹೀರಾತಿನವರೆಗೂ ಓದುತ್ತಿದ್ದ. ಆದರೆ ಹುಟ್ಟಿದಾಗಿನಿಂದ ಅವನು ಕಂಡ ಹೊಣೆ ಸುಟ್ಟು ಮೂಡಿದ ಹೊಣೆ. ಶಾಯಿಯಲ್ಲಿ ಬರೆದದ್ದು ಅಷ್ಟು ಭಾರವಾಗಿರಬಹುದೆಂದು ಅವನ ಕೈಗೆ ತಿಳಿದಿರಲಿಲ್ಲ.

ಅದೇ ಸಂಜೆ ಅವನು ಚೀಲದಿಂದ ಆ ಮುದ್ರೆಯ ಕಬ್ಬಿಣವನ್ನು ತೆಗೆದು ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ. ಅದು ಕಾರ್ಖಾನೆ ಬಿಟ್ಟು ಮನೆಗೆ ಬಂದದ್ದನ್ನು ನಾವು ನೋಡಿದ್ದು ಅದೇ ಮೊದಲು. ಇದೇಕೆ ಇಲ್ಲಿ ಎಂದು ಅವನ ಹೆಂಡತಿ ಕೇಳಿದಳು.

"ಅದಕ್ಕೆ ಸ್ವಲ್ಪ ರಜ," ಎಂದ. "ಬಂದಿರೋ ಮರ ಹಸಿ. ಇನ್ನೂ ಬೇರಿನ ನೆನಪಲ್ಲಿದೆ. ಒಣಗಿದ ಮೇಲೆ ಮೆಟ್ಟಿಲೆಲ್ಲ ತೂತಿನೊಳಗೆ ಲೊಟಲೊಟ ಅನ್ನುತ್ತೆ. ಛೇರ್ಮನ್ನರು ಅಗ್ಗಕ್ಕೆ ಸಿಕ್ತು, ಬೇಗ ಏಣಿ ಮಾಡಿ ಮಾರಿಬಿಡು ಅಂತಾರೆ. ಮಾಡ್ತೀನಿ, ಜನರಿಗೆ ಸಂಬಳ ಬೇಕಲ್ಲ. ಹತ್ತೋದಿಲ್ಲ. ಹೆಸರೂ ಹಾಕೋದಿಲ್ಲ. ಬೇಸಿಗೆವರೆಗೂ ಒಣಗ್ಲಿ, ಆಮೇಲೆ ಬಿಗಿ ಮಾಡಿ ನೋಡೋಣ."

ಬೇಸಿಗೆ ಬರಲಿಲ್ಲ. ಅದಕ್ಕೆ ಮೊದಲೇ ಬೀಗ ಬಂತು, ಬೀಗದ ಹಿಂದೆ ಅವನ ಸಾವು.

ಮಣ್ಣು ಮಾಡುವ ಕೆಲಸವೆಲ್ಲ ಮುಗಿದು, ಬಂದ ನೆಂಟರು ಹೊರಟುಹೋದ ಮೇಲೆ ಒಂದು ಮಧ್ಯಾಹ್ನ ಹಲಗೆ ಸಾಹೇಬರು ತಮ್ಮ ವಕೀಲರ ಜೊತೆ ಮನೆಗೆ ಬಂದರು. ನಮ್ಮ ಮುಂಬಾಗಿಲಿನಲ್ಲಿ ಹಲಗೆಯಿರಲಿಲ್ಲ, ಕಾಲೊರೆಸುವ ಗೋಣಿಯಿತ್ತು. ಅದನ್ನು ದಾಟಿ ಕಾಲಿಟ್ಟರು. ತುಂಬ ದುಃಖವಾಯಿತು ಎಂದರು, ನನ್ನ ಸ್ವಂತ ತಮ್ಮನಿದ್ದ ಹಾಗೆ ಎಂದರು. ತಮ್ಮನೆಂದು ಇಷ್ಟು ಸುಲಭವಾಗಿ ಹೇಳಬಹುದೆಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ವಕೀಲರು ಗಂಟಲು ಸರಿಮಾಡಿಕೊಂಡರು.

"ನೋಡಿ ತಾಯೀ, ಕಾನೂನಿನ ಕಣ್ಣಲ್ಲಿ ಕಂಪನಿ ಅನ್ನೋದು ಬೇರೆಯೇ ಒಬ್ಬ ವ್ಯಕ್ತಿ. ಅದರ ಸಾಲ ಅದರದು. ಷೇರುದಾರರು ಹಾಕಿದ ಹಣ ಕಳ್ಕೋತಾರೆ, ಅಷ್ಟೇ. ಅದಕ್ಕಿಂತ ಹೆಚ್ಚಿಗೆ ಯಾರೂ ಅವರನ್ನ ಕೇಳೋ ಹಾಗಿಲ್ಲ."

"ಆ ವ್ಯಕ್ತಿ ಈಗೆಲ್ಲಿದಾನೆ?" ಎಂದೆ.

"ಯಾರು?"

"ಅದೇ, ಕಂಪನಿ ಅನ್ನೋನು. ನನ್ನ ತಮ್ಮ ಸತ್ತಾಗ ಅವನು ಬಂದಿದ್ದು ನಾನು ನೋಡ್ಲಿಲ್ಲ. ಹೆಗಲು ಕೊಡೋಕೆ ಜನ ಕಮ್ಮಿ ಬಿದ್ದು ವ್ಯಾನಿನವನು ಕೊಟ್ಟ."

ವಕೀಲರು ನಕ್ಕಂತೆ ಮಾಡಿದರು. ತಮ್ಮನ ಹೆಂಡತಿ ನನ್ನ ಸೆರಗು ಹಿಡಿದು ಜಗ್ಗಿದಳು. "ಅತ್ತಿಗೆ, ಅವರು ಹೇಳೋದು ಪೂರ್ತಿ ಹೇಳ್ಲಿ."

ಹೇಳಿದರು. ಮರದ ಸಾಹುಕಾರನಿಗೆ ಬಾಕಿ ಬಹಳವಿದೆ. ಸಹಿ ನನ್ನ ತಮ್ಮನದು, ಸ್ವಂತ ಹೆಸರಿನಲ್ಲಿ, ಕಂಪನಿಯ ಪರವಾಗಿ ಎಂಬ ಒಂದು ಮಾತೂ ಇಲ್ಲದೆ. ಹಾಗಾಗಿ ಗೆರೆಯ ಒಳಗೆ ಅವನಿಲ್ಲ. ಸಾಹುಕಾರ ಈ ಮನೆಯ ಮೇಲೆ ಬರಬಹುದು, ಬರುತ್ತಾನೆ. ಆದರೆ ಛೇರ್ಮನ್ನರದು ದೊಡ್ಡ ಮನಸ್ಸು. ಸಾಹುಕಾರನ ಜೊತೆ ತಾವೇ ಮಾತನಾಡಿ ಮನೆ ಉಳಿಸಿಕೊಡುತ್ತಾರೆ. ಬದಲಿಗೆ ತಮ್ಮನ ಹೆಂಡತಿಯದು ಒಂದೇ ಒಂದು ಸಹಿ. ಆ ಕೊನೆಯ ಮರವನ್ನು ನನ್ನ ಗಂಡ ಯಾರಿಗೂ ಹೇಳದೆ ತನ್ನ ಇಷ್ಟದಂತೆ ಖರೀದಿ ಮಾಡಿದರು, ಛೇರ್ಮನ್ನರಿಗೆ ತಿಳಿದಿರಲಿಲ್ಲ ಎಂದು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ತೀರಿಸಲಾಗದೆಂದು ಗೊತ್ತಿದ್ದೂ ಸರಕು ತರಿಸಿದ ಡೈರೆಕ್ಟರನಿಗೆ ಆ ಗೆರೆ ರಕ್ಷೆಯಲ್ಲ, ಅವನ ಸ್ವಂತ ಆಸ್ತಿಯನ್ನು ಕೇಳಬಹುದು ಎಂಬುದು ಕಾನೂನಿನಲ್ಲೇ ಇದೆಯೆಂದು ನನಗೆ ಆಮೇಲೆ ತಿಳಿಯಿತು. ಅಂದು ತಿಳಿದದ್ದು ಇಷ್ಟೇ. ಬದುಕಿದ್ದಾಗ ಹೆಗಲ ಮೇಲೆ ಹತ್ತಿದ್ದರು, ಸತ್ತ ಮೇಲೆ ಎದೆಯ ಮೇಲೆ ನಿಲ್ಲಲು ಬಂದಿದ್ದಾರೆ.

"ಏರಿದ ಏಣಿ ಒದೆಯೋರನ್ನ ಕಂಡಿದ್ದೆ," ಎಂದೆ. "ಒದ್ದಿದ್ದಲ್ಲದೆ, ಏಣಿಯೇ ನನ್ನ ತಳ್ತು ಅಂತ ಬರೆಸ್ಕೊಳ್ಳೋರನ್ನ ಇವತ್ತೇ ಕಂಡೆ."

ಛೇರ್ಮನ್ನರ ಮುಖ ಕೆಂಪಾಯಿತು. "ಅಮ್ಮಾ, ನಾನೂ ಕಳ್ಕೊಂಡಿದೀನಿ."

"ಏನು ಕಳ್ಕೊಂಡ್ರಿ? ನಿಮ್ಮ ಮನೆ ಹೆಂಡತಿ ಹೆಸರಲ್ಲಿದೆ. ಯಂತ್ರಗಳ ಮೇಲೆ ನೀವೇ ಕಂಪನಿಗೆ ಸಾಲ ಕೊಟ್ಟು, ಸಾಲ ಕೊಟ್ಟೋರ ಸಾಲಲ್ಲೂ ಮುಂದೆ ನಿಂತಿದೀರಂತೆ. ಎಡಗೈ ಬಲಗೈಗೆ ಸಾಲ ಕೊಟ್ಟು, ಮೂರನೆಯವನ ಮನೆ ಜಪ್ತಿ ಮಾಡೋದು ಯಾವ ನ್ಯಾಯ?"

ಅವರು ತಮ್ಮನ ಹೆಂಡತಿಯ ಕಡೆ ತಿರುಗಿ, "ನೀನು ಯೋಚನೆ ಮಾಡಮ್ಮ. ಕಂಪನಿಗೆ ಸಾಲ ಕೊಟ್ಟವರ ಸಭೆಯ ದಿನ ಹೇಳಿದರೆ ಸಾಕು," ಎಂದು ಎದ್ದರು. ಕಾಗದವನ್ನು ಹೊಲಿಗೆಯಂತ್ರದ ಮೇಲಿಟ್ಟು ಹೋದರು.

ಆ ಕಾಗದ ಅಲ್ಲೇ ಇತ್ತು. ಅವಳು ಅದನ್ನು ಎತ್ತಿಟ್ಟು ಹೊಲಿಯುವಳು, ಹೊಲಿದಾದ ಮೇಲೆ ಮತ್ತೆ ಅಲ್ಲೇ ಇಡುವಳು. ನಾನು ಏನೂ ಹೇಳುವ ಹಾಗಿರಲಿಲ್ಲ. ಮನೆ ಅವಳದು. ನನ್ನ ಗಂಡ ತೀರಿಹೋದ ಮೇಲೆ ನಾನು ಆ ಮನೆಗೆ ಬಂದು ಸೇರಿಕೊಂಡವಳು. ನನ್ನ ತಮ್ಮನ ಹೆಸರಿಗಾಗಿ ಅವಳ ತಲೆಯ ಮೇಲಿನ ಸೂರು ಕೊಡು ಎಂದು ಯಾವ ಬಾಯಲ್ಲಿ ಕೇಳಲಿ? ಬೆಳಿಗ್ಗೆ ಪ್ರಾರ್ಥನೆಗೆ ಕೂತರೆ ದೇವರ ಮುಖದ ಬದಲು ಆ ಹಲಗೆ ಕಣ್ಣ ಮುಂದೆ ಬರುತ್ತಿತ್ತು. ಸಿಟ್ಟಿನಿಂದ ಕೈಮುಗಿದರೆ ಅದು ಪ್ರಾರ್ಥನೆಯೋ ಮುಷ್ಟಿಯೋ ಎಂದು ನನಗೇ ತಿಳಿಯುತ್ತಿರಲಿಲ್ಲ.

ಒಂದು ದಿನ ಅವಳೇ ಕೇಳಿದಳು. "ಅತ್ತಿಗೆ, ನಾನು ಸಹಿ ಹಾಕಿದ್ರೆ ನೀವು ನನ್ನ ಜೊತೆ ಮಾತು ಬಿಡ್ತೀರಾ?"

"ಹುಚ್ಚಿ," ಎಂದೆ. "ನಿನ್ನ ಜೊತೆ ಮಾತು ಬಿಟ್ರೆ ನಾನು ಜಗಳ ಆಡೋದು ಯಾರ ಹತ್ರ?"

ಅವಳು ನಕ್ಕಳು, ನಗುತ್ತಲೇ ಅತ್ತಳು. ಸಹಿಯ ಬಗ್ಗೆ ಏನನ್ನೂ ಹೇಳಲಿಲ್ಲ.

ಸಭೆ ಸೇರಿದ್ದು ಕಾರ್ಖಾನೆಯ ಶೆಡ್ಡಿನಲ್ಲೇ. ಕಂಪನಿಯ ಲೆಕ್ಕ ಮುಗಿಸಲೆಂದು ಕೋರ್ಟು ಒಬ್ಬ ಅಧಿಕಾರಿಣಿಯನ್ನು ನೇಮಿಸಿತ್ತು. ಲಿಕ್ವಿಡೇಟರ್ ಮೇಡಂ ಎನ್ನುತ್ತಿದ್ದರು ಎಲ್ಲರೂ. ಮರದ ಹೊಟ್ಟು ಮೂಗಿಗೆ ಹೋಗಿ ಸೀನುತ್ತ, ಕರವಸ್ತ್ರ ಹಿಡಿದೇ ಕೂತಿದ್ದರು. ಅವರ ಎಡಕ್ಕೆ ಮರದ ಸಾಹುಕಾರ, ಮೀಸೆ ತಿರುವುವ ಬದಲು ಕಿವಿಯ ಕೂದಲು ತಿರುವುವ ದಪ್ಪ ಮನುಷ್ಯ. ಸಂಬಳ ಬಾಕಿಯಿದ್ದ ಕೆಲಸದವರು ಗೋಡೆಗೊರಗಿ ನಿಂತಿದ್ದರು. ಸಭೆಯ ನಂತರ ಉಳಿದ ಏಣಿಗಳ ಹರಾಜು ಇದ್ದುದರಿಂದ ಸುಣ್ಣ ಬಳಿಯುವ ಮೇಸ್ತ್ರಿಯೊಬ್ಬನೂ ಬಂದಿದ್ದ. ನಮ್ಮ ತಂದೆಯ ಕಾಲದಿಂದ ನಮ್ಮಲ್ಲೇ ಏಣಿ ಕೊಂಡವನು.

ಛೇರ್ಮನ್ನರ ಕಾರು ಬಂತು. ಕಾವಲುಗಾರ ಓಡಿಹೋಗಿ ಹಲಗೆ ಹಾಸಿದ. ಅವನಿಗೆ ಸಂಬಳ ನಿಂತಿತ್ತು, ಕಂಪನಿ ಸತ್ತಿತ್ತು, ಆದರೂ ಕಾಲು ಅಭ್ಯಾಸಬಲದಿಂದ ಓಡಿತು. ಅವರು ಅದರ ಮೇಲೆ ನಡೆದು ಬಂದರು. ನನ್ನ ತಮ್ಮ ಪ್ರಾಣ ಬಿಟ್ಟ ಕಲ್ಲಿನ ಪಕ್ಕದಲ್ಲೇ ಆ ಹಲಗೆ ಬಿದ್ದಿತ್ತು. ದೇವರೇ, ಆ ಕ್ಷಣ ನನ್ನ ಕೈಯಲ್ಲಿ ಕೊಡತಿ ಇಲ್ಲದ್ದು ನಿನ್ನ ಕೃಪೆ.

ಸಭೆಯಲ್ಲಿ ವಕೀಲರು ಎದ್ದು ಹೇಳಿದರು. ಕೊನೆಯ ಖರೀದಿ ದಿವಂಗತರ ಸ್ವಂತ ನಿರ್ಧಾರ, ಬೋರ್ಡಿನ ಮುಂದೆ ಬರಲೇ ಇಲ್ಲ, ನಮ್ಮ ಕಕ್ಷಿದಾರರಿಗೆ ತಿಳಿಯಲೇ ಇಲ್ಲ, ದಿವಂಗತರ ಪತ್ನಿಯವರೇ ಇದನ್ನು ಒಪ್ಪಿ ಬರೆದುಕೊಡಲಿದ್ದಾರೆ. ಹೀಗೆಂದು ನಮ್ಮ ಕಡೆ ನೋಡಿದರು. ತಮ್ಮನ ಹೆಂಡತಿ ಮಡಿಲಲ್ಲಿ ಬಟ್ಟೆಯ ಚೀಲ ಇಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದಳು. ಆ ಚೀಲದಲ್ಲಿ ಕಾಗದವಿದೆ ಎಂದೇ ನಾನೂ ತಿಳಿದಿದ್ದೆ. ಸಹಿ ಬಿದ್ದಿದೆಯೋ ಇಲ್ಲವೋ ಕೇಳುವ ಧೈರ್ಯ ನನಗಾಗಿರಲಿಲ್ಲ.

ಅಷ್ಟರಲ್ಲಿ ಶೆಡ್ಡಿನ ಮೂಲೆಯಿಂದ ಸುಣ್ಣದ ಮೇಸ್ತ್ರಿಯ ದನಿ ಕೇಳಿಸಿತು. ಅವನಿಗೆ ಸಭೆಯ ಗೊಡವೆಯಿರಲಿಲ್ಲ. ಹರಾಜಿಗಿಟ್ಟ ಏಣಿಯೊಂದನ್ನು ಮಗುಚಿಹಾಕಿ ಕೆಳಗಿನ ಮೆಟ್ಟಿಲ ಅಡಿ ತಡವುತ್ತಿದ್ದ.

"ಏನ್ರೀ ಇದು? ಇದಕ್ಕೆ ಅಪ್ಪ ಅಮ್ಮ ಇಲ್ವಾ? ಅನಾಥ ಏಣಿ!" ಇನ್ನೊಂದನ್ನು ಮಗುಚಿದ, ಮತ್ತೊಂದನ್ನು ಮಗುಚಿದ. "ಇದಕ್ಕೂ ಇಲ್ಲ. ಇದಕ್ಕೂ ಇಲ್ಲ. ಎಲ್ಲಾ ಬೀದೀಲಿ ಸಿಕ್ಕಿದ್ದೇನ್ರೀ? ಮೇಸ್ತ್ರಿ ಮುದ್ರೆ ಎಲ್ಲಿ?"

"ಸ್ವಲ್ಪ ಸುಮ್ಮನಿರಪ್ಪ, ಸಭೆ ನಡೀತಿದೆ," ಎಂದರು ವಕೀಲರು.

"ನೀವು ಹತ್ತೀರಾ ಸ್ವಾಮಿ ಇದನ್ನ? ನೀವು ಹತ್ತಿದ್ರೆ ಸುಮ್ನಿರ್ತೀನಿ. ಮೂರನೇ ಮಹಡಿ ಗೋಡೆಗೆ ಆನಿಸಿ ನಿಲ್ಲೋನು ನಾನು."

ಕೆಲಸದವರು ಗೊಳ್ಳೆಂದು ನಕ್ಕರು. ಲಿಕ್ವಿಡೇಟರ್ ಮೇಡಂ ಕರವಸ್ತ್ರ ಕೆಳಗಿಟ್ಟು, ಮುದ್ರೆ ಎಂದರೇನು ಎಂದು ಕೇಳಿದರು. ಯಾರು ಉತ್ತರ ಕೊಡುವುದೆಂದು ಎಲ್ಲರೂ ಒಬ್ಬರನ್ನೊಬ್ಬರು ನೋಡುತ್ತಿದ್ದಾಗ ತಮ್ಮನ ಹೆಂಡತಿ ಎದ್ದು ನಿಂತಳು. ನಾಲ್ಕು ಜನರ ಮುಂದೆ ದನಿಯೆತ್ತಿ ಮಾತನಾಡಿದ ಹೆಂಗಸಲ್ಲ ಅವಳು. ನೇರವಾಗಿ ಮೇಜಿನ ಬಳಿ ಹೋದಳು, ಚೀಲಕ್ಕೆ ಕೈಹಾಕಿದಳು. ವಕೀಲರು ಪೆನ್ನಿನ ಮುಚ್ಚಳ ತೆಗೆದರು. ಚೀಲದಿಂದ ಹೊರಬಂದದ್ದು ನಮ್ಮ ಅಡುಗೆಮನೆಯ ಬಾಗಿಲ ಹಿಂದಿನ ಆ ಕಬ್ಬಿಣ. ಟಣ್ಣೆಂದು ಮೇಜಿನ ಮೇಲಿಟ್ಟಳು.

"ಇದು ಅವರ ಮುದ್ರೆ. ಆ ಮರ ಬಂದ ದಿನಾನೇ ಇದನ್ನ ಮನೆಗೆ ತಂದಿಟ್ರು. ಹಸಿ ಮರ, ಇದಕ್ಕೆ ನನ್ನ ಹೆಸರು ಹಾಕಲ್ಲ ಅಂದ್ರು. ತಾವೇ ಇಷ್ಟಪಟ್ಟು, ಯಾರಿಗೂ ಹೇಳ್ದೆ ತಂದ ಮರ ಆಗಿದ್ರೆ ಅದಕ್ಕೆ ಯಾಕೆ ಹೆಸರು ಹಾಕ್ಲಿಲ್ಲ? ನನ್ನ ಗಂಡ ಏಣಿ ಹತ್ತಿ ತೋರಿಸ್ದೆ ಇದ್ದದ್ದು ಇದೊಂದೇ ಸಲ. ಯಾರನ್ನ ಬೇಕಾದ್ರೂ ಕೇಳಿ."

ಗೋಡೆಗೊರಗಿದ್ದವರಲ್ಲಿ ಒಬ್ಬ, "ನಿಜ ಮೇಡಂ. ನಮಗೂ ಹತ್ತಬೇಡಿ ಅಂದಿದ್ರು," ಎಂದ.

ಮೇಡಂ ಮರದ ಸಾಹುಕಾರನ ಕಡೆ ತಿರುಗಿದರು. "ಈ ಮರವನ್ನು ಇವರ ಗಂಡನೇ ನೋಡಿ ಆರಿಸಿದ್ದೇ?"

ಸಾಹುಕಾರ ಕಿವಿ ತಿರುವಿಕೊಂಡ. ತಿರುವುತ್ತ ತಿರುವುತ್ತ ಕಿವಿ ಕೆಂಪಾಯಿತು.

"ಇಲ್ಲ. ಫೋನಲ್ಲಿ ಮಾತಾಡಿದ್ದು ಛೇರ್ಮನ್ನರು. ಹಳೇ ಬಾಕಿ ಬರೋವರೆಗೂ ಕಂಪನಿಗೆ ಕೊಡಲ್ಲ ಅಂದೆ. ಕಂಪನಿಯಲ್ಲಿ ಏನೂ ಇಲ್ಲ, ಮೇಸ್ತ್ರಿನ ಕಳಿಸ್ತೀನಿ, ಅವನ ಹೆಸರಲ್ಲಿ ಬರ್ಕೋ ಅಂದ್ರು. ಯಾವ ಮರ ಅಂದೆ. ಅಗ್ಗದ್ದು ಅಂದ್ರು. ಹಸಿ ಇದೆ ಅಂದೆ. ನಡೆಯುತ್ತೆ ಅಂದ್ರು."

"ಇದನ್ನ ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನನ್ನ ಹತ್ರ ಕಾಗದ ಇತ್ತು ಮೇಡಂ. ಕಾಗದ ಇರೋನು ಯಾಕೆ ಬಾಯಿ ಬಿಡ್ಬೇಕು?"

ನಾಚಿಕೆಯಿಲ್ಲದ ಮಾತು. ಆದರೂ ಆ ದಿನ ಆ ಶೆಡ್ಡಿನಲ್ಲಿ ದೊಡ್ಡವರ ಬಾಯಿಂದ ಬಂದ ಮೊದಲ ನಿಜ ಅದು.

ಛೇರ್ಮನ್ನರು ಎದ್ದರು. "ಫೋನಲ್ಲಿ ಯಾರು ಏನು ಬೇಕಾದರೂ ಹೇಳಬಹುದು. ನಾನು ಷೇರುದಾರ ಅಷ್ಟೇ. ಕಾನೂನು ನನಗೆ ರಕ್ಷಣೆ ಕೊಟ್ಟಿದೆ."

ಆಗ ಮೇಡಂ ಹೇಳಿದ್ದನ್ನು ನಾನು ನೆನಪಿಟ್ಟುಕೊಂಡಿದ್ದೇನೆ. ದನಿಯೇರಿಸದೆ, ನೆಗಡಿಯ ಮೂಗಿನಲ್ಲೇ ಹೇಳಿದರು. "ಕೊಟ್ಟಿದೆ. ಒಳ್ಳೆಯದಕ್ಕೇ ಕೊಟ್ಟಿದೆ. ಒಂದು ಷೇರು ಕೊಂಡವರ ಮನೆ ಮಠ ಎಲ್ಲ ಹೋಗೋ ಹಾಗಿದ್ದರೆ ಯಾರೂ ಯಾವ ಉದ್ಯಮಕ್ಕೂ ಹಣ ಹಾಕೋದಿಲ್ಲ. ಪ್ರಾಮಾಣಿಕವಾಗಿ ಸೋತವರಿಗೆ ಅದು ಕೊಡೆ. ಕಂಪನಿಯಲ್ಲಿ ಏನೂ ಇಲ್ಲ ಅಂತ ಗೊತ್ತಿದ್ದೂ ಸಾಲದ ಸರಕು ತರಿಸಿದವರು ಆ ಕೊಡೆ ಕೆಳಗೆ ನಿಲ್ಲೋ ಹಾಗಿಲ್ಲ. ನೀವು ಷೇರುದಾರರು ಮಾತ್ರ ಅಲ್ಲ, ಡೈರೆಕ್ಟರೂ ಹೌದು. ಸ್ವಂತ ಆಸ್ತಿಯಿಂದ ನೀವು ಯಾಕೆ ಕೊಡಬಾರದು ಅಂತ ಕೋರ್ಟನ್ನ ಕೇಳ್ತೀನಿ."

ಛೇರ್ಮನ್ನರು ಹೊರಟರು. ಹಲಗೆ ಇದ್ದಲ್ಲಿ ಇರಲಿಲ್ಲ. ಸುಣ್ಣದ ಮೇಸ್ತ್ರಿ ಅದನ್ನೆಳೆದು ತನ್ನ ಬಣ್ಣದ ಡಬ್ಬಿಗಳನ್ನಿಟ್ಟುಕೊಂಡಿದ್ದ. "ಇದೊಂದು ಒಣಗಿದ ಮರ ಕಣಯ್ಯಾ, ಇದನ್ನ ಬೇಕಾದ್ರೆ ಕೊಂಡ್ಕೋತೀನಿ," ಎನ್ನುತ್ತಿದ್ದ. ಆ ದೊಡ್ಡ ಮನುಷ್ಯರು ಹೊಟ್ಟಿನಲ್ಲಿ ಕಾಲಿಟ್ಟು ಕಾರಿನವರೆಗೆ ನಡೆದರು.

ಕಥೆ ಇಲ್ಲಿಗೇ ನಿಂತಿದ್ದರೆ ನ್ಯಾಯ ಗೆದ್ದಿತೆಂದು ಎಲ್ಲರೂ ಎದ್ದು ಹೋಗಬಹುದಿತ್ತು. ಆದರೆ ನನ್ನ ತಮ್ಮನ ಸಹಿ ಸಹಿಯಾಗಿಯೇ ಇತ್ತು. ಛೇರ್ಮನ್ನರು ಸಿಕ್ಕಿಬಿದ್ದ ಮಾತ್ರಕ್ಕೆ ಇವನ ಹೊಣೆ ಅಳಿಯುವುದಿಲ್ಲ, ಸ್ವಂತ ಹೆಸರಿನಲ್ಲಿ ಒಪ್ಪಿಕೊಂಡದ್ದು ಸ್ವಂತದ್ದೇ ಎಂದು ಮೇಡಂ ನಮ್ಮನ್ನು ಪಕ್ಕಕ್ಕೆ ಕರೆದು ಹೇಳಿದರು. ಹೇಳುವಾಗ ಅವರ ಕಣ್ಣು ಕೆಂಪಗಿತ್ತು. ಹೊಟ್ಟಿನಿಂದಲೇ ಇರಬಹುದು. ಛೇರ್ಮನ್ನರ ಮೊಕದ್ದಮೆಗೆ ತಾರೀಖಿನ ಮೇಲೆ ತಾರೀಖು ಬೀಳುತ್ತಿದೆ. ದೊಡ್ಡವರ ಹೊಣೆಯನ್ನು ತೂಗಲು ನ್ಯಾಯಾಲಯಕ್ಕೆ ವರ್ಷಗಳು ಬೇಕು, ಸತ್ತ ಬಡಗಿಯ ಹೊಣೆ ಒಂದೇ ತಾರೀಖಿನಲ್ಲಿ ತೂಗಿಯಾಯಿತು. ಮನೆ ಹೋಯಿತು.

ಸಾಮಾನು ಸಾಗಿಸಲು ವ್ಯಾನಿನವನೇ ಬಂದ, ಬೇರೆಯವರ ವ್ಯಾನು ತಂದು. ತಿರುವಿನಲ್ಲಿ ಹಾರನ್ನು ಹೊಡೆದ.

"ಅತ್ತಿಗೆ," ಎಂದಳು ತಮ್ಮನ ಹೆಂಡತಿ, ಖಾಲಿ ಅಡುಗೆಮನೆಯಲ್ಲಿ ನಿಂತು. "ಸಹಿ ಹಾಕಿದ್ರೆ ಇಲ್ಲೇ ಇರಬಹುದಿತ್ತು."

"ಪಶ್ಚಾತ್ತಾಪವೇನೇ?"

"ಇಲ್ಲ. ಇಲ್ಲೇ ಇದ್ದಿದ್ರೆ ಈ ಮೊಳೆ ನೋಡ್ತಾ ದಿನಾ ಅಡುಗೆ ಮಾಡ್ಬೇಕಿತ್ತು. ಆಗ ನನಗೆ ಉಪ್ಪು ಖಾರ ಯಾವುದೂ ತಿಳೀತಿರ್ಲಿಲ್ಲ."

ಮೊಳೆಯನ್ನು ಕಿತ್ತು ತನ್ನ ಸೆರಗಿನ ತುದಿಗೆ ಕಟ್ಟಿಕೊಂಡಳು.

ಈಗ ನಾವಿಬ್ಬರೂ ಒಂದು ಬಾಡಿಗೆ ಕೋಣೆಯಲ್ಲಿದ್ದೇವೆ. ಕಿಟಕಿಯ ಬಳಿ ಅವಳ ಹೊಲಿಗೆಯಂತ್ರ, ಮೂಲೆಯಲ್ಲಿ ನನ್ನ ದೀಪ, ಅದರ ಮೇಲೆ ಅದೇ ಮೊಳೆಯಲ್ಲಿ ಆ ಕಬ್ಬಿಣ. ಕ್ಷಮಿಸು ಎಂದು ಹಿರಿಯರು ಹೇಳುತ್ತಾರೆ. ಕ್ಷಮಿಸುವಷ್ಟು ದೊಡ್ಡವಳಾಗಿ ನಾನಿನ್ನೂ ಬೆಳೆದಿಲ್ಲ. ಬೆಳೆಸುವುದು ದೇವರಿಗೆ ಬಿಟ್ಟದ್ದು. ಬೆಳಿಗ್ಗೆ ದೀಪ ಹಚ್ಚಿ, ಆ ಸಿಟ್ಟನ್ನು ಮೊದಲು ಅವನ ಪಾದದ ಬಳಿ ಇಟ್ಟು, ಕೈ ಖಾಲಿಯಾದ ಮೇಲೆ ಮುಗಿಯುತ್ತೇನೆ.

ದೇವರೇ, ತಂದೆಯೇ, ನನ್ನ ತಮ್ಮ ನಿನ್ನ ಬಾಗಿಲಿಗೆ ಬಂದಿದ್ದಾನೆ. ಅವನ ಕೈಗೆ ಕಾಗದ ಕೊಟ್ಟು ಸಹಿ ಕೇಳಬೇಡ. ಅವನು ಯಾರೆಂದು ತಿಳಿಯಬೇಕಿದ್ದರೆ ಈ ಊರಿನ ಗೋಡೆಗಳಿಗೆ ಆನಿಸಿರುವ ಏಣಿಗಳನ್ನು ತಿರುಗಿಸಿ ನೋಡು, ಅಡಿಯಲ್ಲಿ ಬರೆದಿದೆ. ಅವನು ಮೊದಲು ತಾನು ಹತ್ತಿ, ಆಮೇಲೆ ಬೇರೆಯವರನ್ನು ಹತ್ತಿಸಿದವನು. ಗೇಟಿನ ಹೊರಗೆ ಕಲ್ಲಿನ ಮೇಲೆ ಕೂತು ದಣಿದಿದ್ದಾನೆ, ಒಳಗೆ ಕರೆದುಕೋ. ಅವನ ಉಳಿ, ಕೊಡತಿಗಳನ್ನು ಅವನಿಗೆ ಮರಳಿ ಕೊಡು, ಚೆನ್ನಾಗಿ ಒಣಗಿದ ಮರ ಕೊಡು, ಕೆಲಸ ಮುಗಿದ ಮೇಲೆ ನೆರಳು ಕೊಡು. ಯಾರ ಸಾಲವೂ ತಟ್ಟದ ನಿದ್ದೆಯನ್ನು ನನ್ನ ತಮ್ಮನಿಗೆ ಕೊಡು, ತಂದೆ.